ಕ್ಯಾಮೆರಾ ತಿರುವಿನ ಇಳಿಜಾರು

ಸಾನ್ ಫ್ರಾನ್ಸಿಸ್ಕೋ ನಗರದ ಗದ್ದಲ ಬಿಟ್ಟು, ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಬೆಟ್ಟಗಳ ಮಡಿಲಲ್ಲಿ ಮುದುಡಿ ಕುಳಿತಂತಿರುವ ಊರು ಇದು. ರಜೆಯ ದಿನ ಬೆಳಗಾಯಿತೆಂದರೆ ಇಲ್ಲಿನ ಮುಖ್ಯ ಬೀದಿಯಲ್ಲಿ ಸೈಕಲ್ಲುಗಳ ಓಡಾಟ ಜೋರು. ದಪ್ಪ ಟೈರಿನ, ಕೆಮ್ಮಣ್ಣು ಮೆತ್ತಿದ ಸೈಕಲ್ಲುಗಳು. ಸವಾರರ ತಲೆಯ ಮೇಲೆ ಹೆಲ್ಮೆಟ್. ಕೆಲವರ ಹೆಲ್ಮೆಟ್ಟಿನ ನೆತ್ತಿಯ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿ. ಅದಕ್ಕೊಂದು ಗುಂಡು ಕಣ್ಣು.

ಬೆಟ್ಟದ ಸೈಕಲ್ ಸವಾರಿಯನ್ನು ಸವಾರನ ಕಣ್ಣಿನಿಂದಲೇ ನೋಡಿದಂತೆ ಸೆರೆಹಿಡಿಯುವ ಈ ಪುಟಾಣಿ ಕ್ಯಾಮೆರಾ ಈಗ ಅನೇಕ ಮನೆಗಳಲ್ಲಿ ವಾದಕ್ಕೆ ವಸ್ತು. ಕೊಲ್ಲಿಯ ಸುತ್ತಮುತ್ತ ಉದ್ಯೋಗಕ್ಕೆಂದು ಬಂದು ನೆಲೆಸಿರುವ ಕನ್ನಡ ಕುಟುಂಬಗಳಿಗೂ, ಬೆಂಗಳೂರು, ಮಡಿಕೇರಿಗಳಲ್ಲಿ ಮಕ್ಕಳಿಗೆ ಗೇರ್ ಸೈಕಲ್ ಕೊಡಿಸಿದವರಿಗೂ ಈ ಮಾತು ಹೊಸದೇನಲ್ಲ. "ಅಪ್ಪಾ, ನಮ್ಮ ಟೀಮಿನಲ್ಲಿ ಎಲ್ಲರ ಹತ್ರಾನೂ ಇದೆ" ಎಂದು ಮಗ ಶುರುಮಾಡುತ್ತಾನೆ. "ಎಷ್ಟಾಗುತ್ತೋ ಅದಕ್ಕೆ?" ಎಂದು ಅಪ್ಪ. ಬೆಲೆ ಕಿವಿಗೆ ಬಿದ್ದೊಡನೆ ಅಡುಗೆಮನೆಯಿಂದ ಅಮ್ಮನ ದನಿ: "ಸೈಕಲ್ಲಿಗೆ ಸುರಿದಿದ್ದು ಸಾಲದೇನೋ?"

ಈ ವಾದಕ್ಕೆ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಉತ್ತರ ಹುಡುಕುವುದಕ್ಕಿಂತ ಫೇರ್‌ಫ್ಯಾಕ್ಸಿನ ಮೇಲಿನ ಒಂದು ಇಳಿಜಾರಿನಲ್ಲಿ ಹುಡುಕುವುದೇ ಲೇಸು. ಅದರ ಹೆಸರು ರಿಪ್ಯಾಕ್.

ಗ್ರೀಸ್ ಸುಟ್ಟ ದಾರಿ

ರಿಪ್ಯಾಕ್ ನಿಜಕ್ಕೂ ಒಂದು ಮಣ್ಣು ರಸ್ತೆ. ಕಾಳ್ಗಿಚ್ಚು ಬಿದ್ದಾಗ ಬೆಂಕಿ ಆರಿಸುವ ವಾಹನಗಳು ಹೋಗಲೆಂದು ಪೈನ್ ಮೌಂಟನ್ ಎಂಬ ಬೆಟ್ಟದ ಬೆನ್ನಿನಿಂದ ಕ್ಯಾಸ್ಕೇಡ್ ಕಣಿವೆಗೆ ಇಳಿಸಿದ ದಾರಿ. ಉದ್ದ ಸುಮಾರು 3.4 ಕಿಲೋಮೀಟರ್, ಅಷ್ಟರಲ್ಲಿ ಇಳಿಯುವುದು ಹತ್ತಿರ ಹತ್ತಿರ 400 ಮೀಟರ್. ಮಳೆನೀರು ಕೊರೆದ ಕೊರಕಲು, ಸಡಿಲ ಕಲ್ಲು, ಮುಂದೇನಿದೆ ಎಂದು ಕಾಣದ ತಿರುವುಗಳು.

1970ರ ದಶಕದಲ್ಲಿ ಇಲ್ಲಿನ ಹುಡುಗರು ಗುಜರಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತಿದ್ದ ಹಳೆಯ ಶ್ವಿನ್ ಸೈಕಲ್ಲುಗಳನ್ನು ತಂದು ಈ ದಾರಿಯಲ್ಲಿ ಉರುಳಿಬಿಡುತ್ತಿದ್ದರು. ಅವು ಎರಡನೆಯ ಮಹಾಯುದ್ಧಕ್ಕೂ ಹಿಂದಿನ, ಭಾರವಾದ, ದಪ್ಪ ಟೈರಿನ ಸೈಕಲ್ಲುಗಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ಬಿನೊಳಗೇ ಬ್ರೇಕ್ ಹಿಡಿಯುವ ಏರ್ಪಾಡು. ಒಂದು ಸಲ ಮೇಲಿನಿಂದ ಕೆಳಗಿಳಿಯುವಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಹೊರಡಬೇಕಾದರೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ನಮ್ಮ ಸೈಕಲ್ ಶಾಪಿನವರು ಓವರಾಯಿಲ್ ಎಂದು ಕರೆಯುವ ಕೆಲಸದ ಒಂದು ಭಾಗ ಅದು. ಹಾಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರಿಪ್ಯಾಕ್ ಎನ್ನುತ್ತಾರೆ. ಆ ಹೆಸರೇ ದಾರಿಗೆ ಅಂಟಿಕೊಂಡಿತು.

1976ರ ಅಕ್ಟೋಬರ್ 21ರಂದು ಇಲ್ಲಿ ಮೊದಲ ಸ್ಪರ್ಧೆ ನಡೆಯಿತು. ಗೆದ್ದವನು ಅಲನ್ ಬಾಂಡ್ಸ್. ಅವನು ಗೆದ್ದದ್ದಕ್ಕೆ ಕಾರಣವೂ ಸ್ವಾರಸ್ಯವಾಗಿದೆ: ಅಂದು ಬೀಳದೆ ಕೆಳಗೆ ತಲುಪಿದವನು ಅವನೊಬ್ಬನೇ! ಚಾರ್ಲಿ ಕೆಲ್ಲಿ ಗಡಿಯಾರ ಹಿಡಿದು ಸಮಯ ಬರೆಯುತ್ತಿದ್ದ. ಮುಂದೆ ಗ್ಯಾರಿ ಫಿಷರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದು ದಾಖಲೆ ಮಾಡಿದ. ಜೋ ಬ್ರೀಜ್ ಅವನಿಗಿಂತ ಎರಡೇ ಸೆಕೆಂಡು ಹಿಂದೆ. ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸದಾಗಿ ಸೈಕಲ್ ಕಟ್ಟಿದ. ಫಿಷರ್ ಮತ್ತು ಕೆಲ್ಲಿ 1979ರಲ್ಲಿ ಇಂಥ ಸೈಕಲ್ಲುಗಳ ವ್ಯಾಪಾರಕ್ಕೆ ಇಳಿದರು. ಇಂದು ಜಗತ್ತಿನ ಎಲ್ಲೆಡೆ ಮೌಂಟನ್ ಬೈಕ್ ಎಂದು ಮಾರಾಟವಾಗುವ ಸೈಕಲ್ಲಿನ ಕುಲಮೂಲ ಹುಡುಕಿ ಹೊರಟರೆ ಅದು ಬಹುಪಾಲು ಈ ಗುಜರಿ ಸೈಕಲ್ಲುಗಳಿಗೇ ಬಂದು ನಿಲ್ಲುತ್ತದೆ. ಫೇರ್‌ಫ್ಯಾಕ್ಸಿನಲ್ಲಿ 2015ರಲ್ಲಿ ತೆರೆದ ಸೈಕಲ್ ಸಂಗ್ರಹಾಲಯಕ್ಕೆ ಹೋದವರು ಆ ಕಥೆಯನ್ನು ಕಣ್ಣಾರೆ ನೋಡಬಹುದು.

ಅಂದಿನ ಸವಾರರ ಚಿತ್ರಗಳು ಇಂದಿಗೂ ಉಳಿದಿವೆ. ಜೀನ್ಸ್ ಪ್ಯಾಂಟು, ಚೌಕಳಿ ಅಂಗಿ, ಗಾಳಿಗೆ ಹಾರುವ ಉದ್ದ ಕೂದಲು. ತಲೆಗೆ ಹೆಲ್ಮೆಟ್ ಇಲ್ಲ. ಈ ಚಿತ್ರಗಳಲ್ಲಿ ಬಹಳಷ್ಟನ್ನು ತೆಗೆದಾಕೆ ವೆಂಡಿ ಕ್ರ್ಯಾಗ್. ಆಕೆ ಸ್ವತಃ ಈ ಇಳಿಜಾರಿನಲ್ಲಿ ಸೈಕಲ್ ಬಿಟ್ಟವಳು. ಛಾಯಾಗ್ರಾಹಕರು ಹೆಚ್ಚಾಗಿ ನಿಂತು ಕಾಯುತ್ತಿದ್ದ ಒಂದು ತಿರುವಿಗೆ 'ಕ್ಯಾಮೆರಾ ಕಾರ್ನರ್' ಎಂದೇ ಹೆಸರು ಬಿದ್ದಿದೆ.

ಬೆನ್ನಿಗೆ ವಿಸಿಆರ್ ಕಟ್ಟಿಕೊಂಡವನು

ತಿರುವಿನಲ್ಲಿ ನಿಂತಿದ್ದ ಕ್ಯಾಮೆರಾ ಸವಾರನ ತಲೆಗೇರಿದ್ದು ಆಮೇಲೆ, ಅದೂ ಇದೇ ಕ್ಯಾಲಿಫೋರ್ನಿಯಾದಲ್ಲಿ. 1987ರಲ್ಲಿ ದಕ್ಷಿಣದ ಸ್ಯಾನ್ ಡಿಯಾಗೋದಲ್ಲಿ ಮಾರ್ಕ್ ಶುಲ್ಜ್ ಎಂಬ ವಿಡಿಯೋ ನಿರ್ಮಾಪಕ ಮೌಂಟನ್ ಬೈಕ್ ಕುರಿತ ಚಿತ್ರಕ್ಕಾಗಿ ಮೋಟಾರ್ ಸೈಕಲ್ ಹೆಲ್ಮೆಟ್ಟಿಗೆ ವಿಡಿಯೋ ಕ್ಯಾಮೆರಾ ಬಿಗಿದ. ಅದರಿಂದ ಒಂದು ಕೇಬಲ್ ಇಳಿಬಿಟ್ಟು ಬೆನ್ನಿನ ಚೀಲದಲ್ಲಿ ಮೆತ್ತೆಯ ನಡುವೆ ಇಟ್ಟ ವಿಸಿಆರ್‌ಗೆ ಜೋಡಿಸಿದ. ಅದಕ್ಕೆಲ್ಲ ಕರೆಂಟು ಕೊಡಲು ಮೋಟಾರ್ ಬೈಕಿನ ಸೀಸದ ಬ್ಯಾಟರಿ. ಇಷ್ಟನ್ನೂ ಹೊತ್ತು ಬೆಟ್ಟ ಇಳಿದ! ಕುತ್ತಿಗೆ ಏನಾಗಿದ್ದೀತು ಎಂದು ಊಹಿಸಿಕೊಳ್ಳಬಹುದು.

ಆ ಹೊರೆಯನ್ನು ಅಂಗೈಗೆ ಇಳಿಸಿ ಮನೆಮಾತಾಗಿಸಿದ್ದು ನಿಕ್ ವುಡ್‌ಮನ್ ಸ್ಥಾಪಿಸಿದ ಗೋಪ್ರೋ. ಅಲೆಗಳ ಮೇಲೆ ಜಾರುವ ಆಟದ ಹುಚ್ಚು ಹಿಡಿದಿದ್ದ ವುಡ್‌ಮನ್ 2004ರಲ್ಲಿ ಮಾರಿದ ಮೊದಲ ಕ್ಯಾಮೆರಾ ಮಣಿಕಟ್ಟಿಗೆ ಕಟ್ಟಿಕೊಳ್ಳುವ, 35 ಎಂಎಂ ರೀಲಿನ ಸಾದಾ ಡಬ್ಬಿ. 2006ರ ಡಿಜಿಟಲ್ ಮಾದರಿಯಲ್ಲಿ ಒಂದು ಸಲಕ್ಕೆ 10 ಸೆಕೆಂಡು ವಿಡಿಯೋ ಮಾತ್ರ ಬರುತ್ತಿತ್ತು. ಈಗ ಚೀನಾದ ಡಿಜೆಐ, ಇನ್ಸ್ಟಾ360 ಸಾಲಿನಲ್ಲಿ ಪೈಪೋಟಿಗೆ ನಿಂತಿವೆ. ಅವುಗಳ ಕೆಳಗೆ ಅಕಾಸೋ, ಎಸ್‌ಜೆಕ್ಯಾಮ್‌ನಂಥ ಅಗ್ಗದ ಮಾದರಿಗಳ ಸಂತೆಯೇ ನೆರೆದಿದೆ.

ಗೊಂದಲ ಶುರುವಾಗುವುದು ಈ ಸಂತೆಯಲ್ಲಿಯೇ. ಡಬ್ಬಿಯ ಮೇಲೆ ಅಚ್ಚಾದ ಅಂಕಿಗಳನ್ನು ನೋಡಿದರೆ ಅಗ್ಗದ್ದೂ ದುಬಾರಿಯೂ ಒಂದೇ ಎನಿಸುತ್ತವೆ. ಬೇರೆ ಬೇರೆ ಎಂದು ಗೊತ್ತಾಗುವುದು ಬೆಟ್ಟ ಇಳಿದಾಗ.

ಮೇಲಿನಿಂದ ಕೆಳಗೆ

ಬೆಟ್ಟದ ಬೆನ್ನಿನ ಮೇಲೆ ಕುರುಚಲು ಗಿಡ, ಕಣ್ಣು ಕೋರೈಸುವ ಬಿಸಿಲು. ಇಲ್ಲಿ ಎಂಥ ಕ್ಯಾಮೆರಾ ಆದರೂ ಚೆನ್ನಾಗಿಯೇ ತೆಗೆಯುತ್ತದೆ. ಅಂಗಡಿಯವನು ತೋರಿಸುವ ಮಾದರಿ ಚಿತ್ರಗಳೂ ಸಾಮಾನ್ಯವಾಗಿ ಇಂಥ ಬಿಸಿಲಿನವೇ. ಅವನ್ನು ನೋಡಿ ಹಣ ಎಣಿಸಬಾರದು.

ಕೊರಕಲು ಶುರುವಾದೊಡನೆ ಮೊದಲ ಪರೀಕ್ಷೆ: ಅಲುಗಾಟ. ಸೈಕಲ್ಲಿನ ಪ್ರತಿ ಕುಲುಕೂ ಸವಾರನ ಕುತ್ತಿಗೆಯವರೆಗೆ ಬರುತ್ತದೆ. ಸವಾರನ ಮಿದುಳು ಅದನ್ನು ತಾನೇ ಸರಿಪಡಿಸಿಕೊಂಡು ನೋಡುತ್ತದೆ. ಬರಿಯ ಕ್ಯಾಮೆರಾಕ್ಕೆ ಆ ಜಾಣ್ಮೆ ಇಲ್ಲ. ಹಾಗಾಗಿ ಒಳಗೊಂದು ಗೈರೋಸ್ಕೋಪ್ ಇಟ್ಟು ಕ್ಯಾಮೆರಾ ಎತ್ತ ವಾಲಿತೆಂದು ಕ್ಷಣಕ್ಷಣಕ್ಕೂ ಅಳೆದು, ಚಿತ್ರದ ಅಂಚನ್ನು ಒಂದಿಷ್ಟು ಕತ್ತರಿಸಿ ಉಳಿದ ಭಾಗವನ್ನು ಎದುರು ದಿಕ್ಕಿಗೆ ಸರಿಸುತ್ತಾರೆ. ತಲೆಯ ಮೇಲೆ ಕೊಡ ಹೊತ್ತು ನಡೆಯುವ ಹೆಂಗಸು ಮೈ ಎಷ್ಟು ಬಳುಕಿದರೂ ಕೊಡ ಅಲುಗದಂತೆ ನೋಡಿಕೊಳ್ಳುವುದಿಲ್ಲವೇ, ಹಾಗೆ. 2018ರ ಸೆಪ್ಟೆಂಬರಿನಲ್ಲಿ 399 ಡಾಲರ್ ಬೆಲೆಗೆ ಬಂದ ಗೋಪ್ರೋ ಹೀರೋ 7 ಬ್ಲ್ಯಾಕ್ ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ, ಅಲ್ಲಿಂದ ಮುಂದೆ ಬೆಟ್ಟದ ಸೈಕಲ್ ಚಿತ್ರಗಳ ರೂಪವೇ ಬದಲಾಯಿತು. ಕೈಯಲ್ಲಿ ಕಡಿಮೆ ಹಣವಿದ್ದರೆ ಕೊಡಬೇಕಾದದ್ದು ಈ ಒಂದು ಗುಣಕ್ಕೆ. ಅಗ್ಗದ ಡಬ್ಬಿಗಳ ಮೇಲೂ 'ಇಐಎಸ್' ಎಂದು ಅಚ್ಚಾಗಿರುತ್ತದೆ, ನಿಜ. ಆದರೆ ಕೆಲವು ಮಾದರಿಗಳಲ್ಲಿ 4ಕೆ ಆರಿಸಿದೊಡನೆ ಅದು ತಾನಾಗಿ ಆಫ್ ಆಗಿಬಿಡುತ್ತದೆ!

4ಕೆ ಎಂಬ ಮಾಯಾಮಂತ್ರದ ವಿಚಾರವನ್ನೂ ಇಲ್ಲಿಯೇ ಹೇಳಿಬಿಡಬೇಕು. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು. ಅದಕ್ಕೂ ಹಿಂದಿನ 1080 ಚಿತ್ರದಲ್ಲಿ ಸುಮಾರು 21 ಲಕ್ಷ. ಅಗ್ಗದ ಕೆಲವು ಕ್ಯಾಮೆರಾಗಳ ಸೆನ್ಸಾರಿಗೆ ಅಷ್ಟು ಚುಕ್ಕೆ ಹಿಡಿಯುವ ಶಕ್ತಿ ಇರುವುದಿಲ್ಲ. ಇದ್ದಷ್ಟನ್ನೇ ಹಿಡಿದು, ನಡುವಿನ ಚುಕ್ಕೆಗಳನ್ನು ಅಂದಾಜಿನಲ್ಲಿ ತುಂಬಿ 4ಕೆ ಎಂದು ಹೇಳಿಕೊಳ್ಳುತ್ತವೆ. ಒಂದು ಲೋಟ ಮಜ್ಜಿಗೆಗೆ ಮೂರು ಲೋಟ ನೀರು ಸುರಿದು ನಾಲ್ಕು ಲೋಟ ಮಜ್ಜಿಗೆ ಎಂದಂತೆ. ವಿವರಗಳ ಪಟ್ಟಿಯ ಮೂಲೆಯಲ್ಲಿ 'ಇಂಟರ್‌ಪೊಲೇಟೆಡ್' ಎಂಬ ಮಾತು ಸಣ್ಣಕ್ಷರದಲ್ಲಿ ಸಿಕ್ಕಿತೋ, ಅದು ಈ ಮಜ್ಜಿಗೆಯೇ. ಫೋನಿನಲ್ಲಿ ಗೆಳೆಯರಿಗೆ ತೋರಿಸುವ ಚಿತ್ರಕ್ಕೆ ಅಲುಗದ 1080 ಸಾಕು. ಸೆಕೆಂಡಿಗೆ 30ರ ಬದಲು 60 ಚಿತ್ರ ಹಿಡಿಯುವಂತಿದ್ದರೆ ವೇಗದ ಓಟ ಇನ್ನೂ ನಯವಾಗಿ ಕಾಣುತ್ತದೆ.

ಅರ್ಧ ದಾರಿ ಇಳಿದ ಮೇಲೆ ಮರಗಳು ಕವಿಯುತ್ತವೆ. ಓಕ್, ಬೇ ಲಾರೆಲ್, ಕೆಂಪು ತೊಗಟೆಯ ಮದ್ರೋನ್. ಎರಡನೆಯ ಪರೀಕ್ಷೆ ಈ ನೆರಳು. ಬೆಳಕು ಕಡಿಮೆಯಾದೊಡನೆ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ; ಅಷ್ಟರಲ್ಲಿ ಸೈಕಲ್ ಕುಲುಕಿ ಚಿತ್ರ ಮಸುಕಾಗುತ್ತದೆ. ಅಲುಗಾಟ ತಡೆಯುವ ಜಾಣ್ಮೆ ಮಸುಕನ್ನು ಅಳಿಸಲಾರದು. ಸಣ್ಣ ಸೆನ್ಸಾರಿನ ಅಗ್ಗದ ಕ್ಯಾಮೆರಾ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಸೈಕಲ್ ಬಿಡುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಲ್ಲಿನ ನೆರಳು ಮರೀನ್ ಬೆಟ್ಟದ ನೆರಳಿಗಿಂತ ಒಂದು ಕೈ ಮೇಲೆಯೇ. ಕೊಳ್ಳುವ ಮುನ್ನ ಆಯಾ ಮಾದರಿಯಿಂದ ಮರಗಳ ಕೆಳಗೆ, ಸಂಜೆಯ ಹೊತ್ತು ತೆಗೆದ ವಿಡಿಯೋ ಹುಡುಕಿ ನೋಡಿದರೆ ಅರ್ಧ ಅನುಮಾನ ಪರಿಹಾರ.

ಇನ್ನು ಧೂಳು. ಬೇಸಿಗೆಯಲ್ಲಿ ಈ ಬೆಟ್ಟದ ಮಣ್ಣು ಹಿಟ್ಟಿನಂತಾಗುತ್ತದೆ. ಮುಂದಿನವನ ಚಕ್ರ ಎಬ್ಬಿಸಿದ್ದು ಹಿಂದಿನವನ ಲೆನ್ಸಿನ ಮೇಲೆ. ಅಂಗಿಯ ಚುಂಗಿನಿಂದ ಒರೆಸಿ ಒರೆಸಿ ಗಾಜು ಗೀರಾಗುತ್ತದೆ. ಗಾಜಿನ ಮುಚ್ಚಳವನ್ನಷ್ಟೇ ಬಿಚ್ಚಿ ಬದಲಾಯಿಸುವ ಅನುಕೂಲವಿದ್ದರೆ ಕ್ಯಾಮೆರಾ ಇನ್ನೂ ಎರಡು ವರ್ಷ ಬಾಳಿಕೆ ಬಂದೀತು.

ಕಾರ್ಡಿನ ಖರ್ಚನ್ನೂ ಮರೆಯುವಂತಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ಬರೆಯುವ ಕ್ಯಾಮೆರಾ, ಗ್ಯಾರಿ ಫಿಷರ್ ಇಳಿದ ಆ 4 ನಿಮಿಷ 22 ಸೆಕೆಂಡಿಗೇ 3 ಜಿಬಿಗಿಂತ ಹೆಚ್ಚು ನುಂಗುತ್ತದೆ. ವಿ30 ಎಂದು ಗುರುತಿರುವ ಕಾರ್ಡನ್ನು ನಂಬಿಕೆಯ ಅಂಗಡಿಯಲ್ಲೇ ಕೊಳ್ಳಬೇಕು. ಅರ್ಧ ಬೆಲೆಗೆ ಸಿಗುವ ನಕಲಿ ಕಾರ್ಡು ಒಳ್ಳೆಯ ತಿರುವಿನಲ್ಲೇ ಕೈಕೊಡುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಹೆಸರಿಲ್ಲದ ಹೊಸ ಕ್ಯಾಮೆರಾಕ್ಕಿಂತ, ಹೆಸರಾಂತ ಕಂಪನಿಯ ಎರಡು ಮೂರು ತಲೆಮಾರು ಹಿಂದಿನ, ಒಬ್ಬರು ಬಳಸಿ ಬಿಟ್ಟ ಕ್ಯಾಮೆರಾ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಾಹಸದ ಉತ್ಸಾಹ ಆರಂಭಶೂರತ್ವವಾಗಿ ಮುಗಿದು, ನಾಲ್ಕು ಸಲ ಬಳಸಿ ಮೂಲೆಗಿಟ್ಟ ಇಂಥ ಕ್ಯಾಮೆರಾಗಳು ಎಲ್ಲ ಊರಿನಲ್ಲೂ ಮಾರಾಟಕ್ಕೆ ಬರುತ್ತವೆ. ನೋಡಬೇಕಾದ್ದು ಇಷ್ಟು: ಲೆನ್ಸಿನಲ್ಲಿ ಗೀರಿಲ್ಲವೇ, ಬ್ಯಾಟರಿ ಉಬ್ಬಿಲ್ಲವೇ, ಮುಚ್ಚಳದ ರಬ್ಬರು ಹರಿದಿಲ್ಲವೇ, ಬೇರೆ ಬ್ಯಾಟರಿ ಈಗಲೂ ಸಿಗುತ್ತದೆಯೇ, ಕಂಪನಿಯ ಆ್ಯಪ್ ಆ ಹಳೆಯ ಮಾದರಿಯನ್ನು ಇನ್ನೂ ಗುರುತಿಸುತ್ತದೆಯೇ. ಅಂಗಡಿಯ ಬಾಗಿಲಲ್ಲೇ ಹತ್ತು ನಿಮಿಷ ಓಡಿಸಿ ನೋಡಿದರೆ ತಿಳಿಯುತ್ತದೆ.

ತಲೆಯೋ, ಎದೆಯೋ?

ಹಣಕ್ಕಿಂತ ದೊಡ್ಡ ಪ್ರಶ್ನೆ ಇದು. ಅಪ್ಪ ಅಮ್ಮಂದಿರು ಬೆಲೆಯ ಚೌಕಾಶಿಯಲ್ಲಿ ಮುಳುಗಿ ಕೇಳಲು ಮರೆಯುವುದೂ ಇದನ್ನೇ.

ಹೆಲ್ಮೆಟ್ ಇರುವುದು ಬಿದ್ದಾಗ ತಲೆ ನೆಲದ ಮೇಲೆ ಜಾರಿಹೋಗಲಿ, ಪೆಟ್ಟಿನ ರಭಸವನ್ನು ಒಳಗಿನ ಥರ್ಮೋಕೋಲಿನಂಥ ಪದರ ನುಂಗಲಿ ಎಂದು. ಅದರ ನುಣುಪು ಬೆನ್ನಿನ ಮೇಲೆ ಗಟ್ಟಿ ಡಬ್ಬಿಯೊಂದನ್ನು ಅಂಟಿಸಿದರೆ, ಬೀಳುವಾಗ ಅದು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡು ಕುತ್ತಿಗೆಯನ್ನು ತಿರುಚುವ ಭಯವಿದೆ. ಒಂದೇ ಜಾಗದಲ್ಲಿ ಪೆಟ್ಟನ್ನು ಒಳಕ್ಕೆ ಒತ್ತುವ ಭಯವೂ ಇದೆ. ಮೋಟಾರ್ ರೇಸಿನ ಮಹಾಶೂರ ಮೈಕೆಲ್ ಶೂಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಹಿಮದ ಮೇಲೆ ಜಾರುವಾಗ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡ. ಅವನ ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಇತ್ತು. ಅದರಲ್ಲಿ ದಾಖಲಾಗಿದ್ದ ದೃಶ್ಯ ತನಿಖೆಗೆ ನೆರವಾಯಿತು. ಕ್ಯಾಮೆರಾದಿಂದಲೇ ಗಾಯ ಹೆಚ್ಚಾಯಿತೇ ಎಂಬ ಚರ್ಚೆಯೂ ಜೋರಾಗಿ ನಡೆಯಿತು. ಹಾಗೆಯೇ ಆಯಿತೆಂದು ಯಾರೂ ಸಾಬೀತು ಮಾಡಲಿಲ್ಲ. ಆದರೆ ಪ್ರಶ್ನೆ ಎದ್ದದ್ದು ಒಳ್ಳೆಯದೇ ಆಯಿತು. ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲಿ, ದ್ವಿಚಕ್ರ ವಾಹನ ಸವಾರರು ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಹಾಕಿದರೆ ದಂಡ ಎಂದು ಹೇಳಿದ್ದೂ ಇಂಥದೇ ಆತಂಕದಿಂದ.

ಹಾಗೆಂದು ಕ್ಯಾಮೆರಾವೇ ಬೇಡವೆನ್ನಬೇಕಾಗಿಲ್ಲ. ಹೆಲ್ಮೆಟ್ಟಿಗೇ ಬೇಕೆಂದರೆ, ಜೋರಾಗಿ ತಗುಲಿದರೆ ಕಳಚಿಕೊಂಡು ಬೀಳುವಂಥ ಹಿಡಿಕೆ ಆರಿಸಬೇಕು. ಹೆಲ್ಮೆಟ್ಟಿಗೆ ತೂತು ಕೊರೆಯುವ ಕೆಲಸ ಎಂದಿಗೂ ಕೂಡದು. ತೂಕವೂ ಮುಖ್ಯ. ಗೋಪ್ರೋದ ದೊಡ್ಡ ಮಾದರಿಗಳು ಸುಮಾರು 150 ಗ್ರಾಂ ತೂಗಿದರೆ, 2024ರಲ್ಲಿ 199 ಡಾಲರಿಗೆ ಬಂದ ಪುಟ್ಟ ಹೀರೋ 86 ಗ್ರಾಂ. ಕೈಯಲ್ಲಿ ಹಿಡಿದಾಗ ವ್ಯತ್ಯಾಸ ತಿಳಿಯದು, ನೆತ್ತಿಯ ಮೇಲೆ ಒಂದು ಗಂಟೆ ಹೊತ್ತಾಗ ತಿಳಿಯುತ್ತದೆ.

ಎದೆಗೆ ಕಟ್ಟುವ ಪಟ್ಟಿ ಇನ್ನೂ ವಾಸಿ. ತಲೆ ತನ್ನ ಪಾಡಿಗೆ ತಾನಿರುತ್ತದೆ, ತಗ್ಗಿನ ಕೊಂಬೆಗೆ ಕ್ಯಾಮೆರಾ ಬಡಿಯುವುದಿಲ್ಲ. ಚಿತ್ರದಲ್ಲಿ ಹ್ಯಾಂಡಲ್ಲೂ ಮೊಣಕೈಗಳೂ ಕಾಣುವುದರಿಂದ ನೋಡುವವರಿಗೆ ತಾವೇ ಸೈಕಲ್ ಬಿಡುತ್ತಿದ್ದೇವೆ ಎನಿಸುತ್ತದೆ. ಒಂದೇ ತೊಡಕು: ಇಳಿಜಾರಿನಲ್ಲಿ ಮೈ ಮುಂದಕ್ಕೆ ಬಾಗಿದಾಗ ಕ್ಯಾಮೆರಾ ಮುಂದಿನ ಚಕ್ರವನ್ನೇ ದಿಟ್ಟಿಸುತ್ತದೆ. ಹಾಗಾಗಿ ಹೊರಡುವ ಮುನ್ನ ಸವಾರಿಯ ಭಂಗಿಯಲ್ಲೇ ಬಾಗಿ ನಿಂತು, ಲೆನ್ಸನ್ನು ಸಾಕಷ್ಟು ಮೇಲಕ್ಕೆ ಎತ್ತಿ ಬಿಗಿದುಕೊಳ್ಳಬೇಕು. ಮುಖವೆಲ್ಲ ಮುಚ್ಚುವ ಹೆಲ್ಮೆಟ್ ಇರುವವರು ಗಲ್ಲದ ಕಂಬಿಗೆ ಕಟ್ಟುವುದುಂಟು. ನೋಟವೇನೋ ಕಣ್ಣಿನ ಮಟ್ಟದ್ದೇ, ಆದರೆ ಬಿದ್ದಾಗ ಅದೂ ನೆಲಕ್ಕೆ ತಗುಲುವ ಜಾಗವೇ.

ಕ್ಯಾಲಿಫೋರ್ನಿಯಾದಲ್ಲಿ 18 ವರ್ಷದೊಳಗಿನವರು ಸೈಕಲ್ ತುಳಿಯುವಾಗ ಹೆಲ್ಮೆಟ್ ಹಾಕಲೇಬೇಕೆಂಬ ಕಾನೂನು 1994ರಿಂದಲೇ ಇದೆ. ಬರ್ಕ್ಲಿಯ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರು ಮ್ಯಾಟ್ ಫ್ರಿಟ್ಜಿಂಗರ್ ಹುಡುಗರನ್ನು ಕಟ್ಟಿಕೊಂಡು ಶುರುಮಾಡಿದ ಬೆಟ್ಟದ ಸೈಕಲ್ ತಂಡ ಬೆಳೆದು, 2001ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಶಾಲೆಗಳ ಸ್ಪರ್ಧಾಕೂಟವಾಯಿತು. 2009ರಲ್ಲಿ ಅದರಿಂದ ರಾಷ್ಟ್ರಮಟ್ಟದ ಸಂಸ್ಥೆಯೂ ಹುಟ್ಟಿತು. ಇಂಥ ತಂಡಕ್ಕೆ ಸೇರುವ ಮಕ್ಕಳು ಅಭ್ಯಾಸಕ್ಕೋ ಸ್ಪರ್ಧೆಗೋ ಕ್ಯಾಮೆರಾ ತರಬಹುದೇ ಎಂದು ತರಬೇತುದಾರರನ್ನು ಕೊಳ್ಳುವ ಮೊದಲೇ ಕೇಳುವುದು ಜಾಣತನ.

ಕ್ಯಾಮೆರಾದಿಂದ ಇನ್ನೊಂದು ಅಪಾಯವಿದೆ. ಅದು ಯಾವ ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ. ಅಗಲ ನೋಟದ ಲೆನ್ಸು ಇಳಿಜಾರನ್ನು ಚಪ್ಪಟೆ ಮಾಡುತ್ತದೆ. ಎದೆ ಝಲ್ಲೆನಿಸಿದ ಇಳಿತ, ಮನೆಗೆ ಬಂದು ನೋಡಿದರೆ ಊರಾಚೆಯ ಮಣ್ಣು ರಸ್ತೆಯಂತೆ ಸಪಾಟಾಗಿ ಕಾಣುತ್ತದೆ. ಹುಡುಗ ಹೆಮ್ಮೆಯಿಂದ ತೋರಿಸುತ್ತಾನೆ, ಅಮ್ಮ "ಇಷ್ಟೇನೇನೋ?" ಎನ್ನುತ್ತಾಳೆ. ಆ ಒಂದು ಮಾತಿಗೆ ಮುಂದಿನ ವಾರ ಅವನ ಬೆರಳು ಬ್ರೇಕಿನ ಮೇಲೆ ಸಡಿಲವಾಗುತ್ತದೆ.

ಮರೀನ್ ಬೆಟ್ಟಗಳಲ್ಲಿ ಹಾಗೆ ಸಡಿಲ ಬಿಡುವಂತಿಲ್ಲ. ಫಿಷರ್ ದಾಖಲೆ ಮಾಡಿದಾಗ ಅವನ ಸರಾಸರಿ ವೇಗ ಗಂಟೆಗೆ 46 ಕಿಲೋಮೀಟರಿನ ಆಸುಪಾಸು. ರಿಪ್ಯಾಕ್ ಸ್ಪರ್ಧೆಗಳು 1984ಕ್ಕೇ ಮುಗಿದವು. ಈಗ ಈ ಬೆಂಕಿ ರಸ್ತೆಗಳ ಮೇಲೆ ಸೈಕಲ್ಲಿಗೆ ಗೊತ್ತುಮಾಡಿರುವ ಮಿತಿ ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರ್. ಕಾಣದ ತಿರುವುಗಳಲ್ಲಿ, ಜನರನ್ನು ದಾಟುವಾಗ ಬರೀ 5 ಮೈಲಿ. ಅದೇ ದಾರಿಯಲ್ಲಿ ಮಕ್ಕಳೊಡನೆ ನಡೆಯುವವರಿದ್ದಾರೆ, ಕುದುರೆ ಸವಾರರಿದ್ದಾರೆ. ಕಾಲುದಾರಿಗಳಲ್ಲಿ ಬಹುಪಾಲಿಗೆ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಹೆಲ್ಮೆಟ್ಟಿನ ಕ್ಯಾಮೆರಾ ಹಿಡಿದ ಚಿತ್ರ ಸಾಹಸಕ್ಕೆ ಸಾಕ್ಷಿಯಾಗುವಂತೆ ತಪ್ಪಿಗೂ ಸಾಕ್ಷಿಯಾಗಬಲ್ಲದು. ನಮ್ಮ ಪಶ್ಚಿಮಘಟ್ಟದ ಅರಣ್ಯಗಳಲ್ಲೂ ಅನುಮತಿಯಿಲ್ಲದೆ ಒಳಹೊಕ್ಕು ತೆಗೆದ ವಿಡಿಯೋವನ್ನು ಊರಿಗೆಲ್ಲ ಹಂಚುವುದೆಂದರೆ ತಾನೇ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟಂತೆ.

ಇಳಿತದ ಕಡಿದಾದ ಅಂದಾಜು ಬರಬೇಕೆಂದರೆ ಅಗ್ಗದಲ್ಲೇ ಒಂದು ಉಪಾಯವಿದೆ. ಅದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಇಬ್ಬರು ಗೆಳೆಯರು ಒಟ್ಟಿಗೆ ಹೋಗಬೇಕು. ಒಬ್ಬ ಮೊದಲೇ ನಿಧಾನವಾಗಿ ಇಳಿದು, ತಿರುವಿನ ಒಳಬದಿಯಲ್ಲಿ, ದಾರಿಯಿಂದ ನಾಲ್ಕು ಹೆಜ್ಜೆ ಮೇಲೆ ಫೋನ್ ಹಿಡಿದು ನಿಲ್ಲಬೇಕು. ಅಲ್ಲಿಂದ ನೋಡಿದರೆ ಬೆಟ್ಟ ಎಷ್ಟು ವಾಲಿದೆ, ಸೈಕಲ್ ಎಷ್ಟು ಓರೆಯಾಗಿದೆ, ಧೂಳು ಎಷ್ಟೆತ್ತರ ಎದ್ದಿದೆ, ಎಲ್ಲವೂ ಚಿತ್ರದೊಳಗೆ ಬರುತ್ತವೆ. ವೆಂಡಿ ಕ್ರ್ಯಾಗ್ ತೆಗೆದ ಆ ಹಳೆಯ ಚಿತ್ರಗಳಲ್ಲಿ ರಿಪ್ಯಾಕ್ ಇಂದಿಗೂ ಅಷ್ಟು ಕಡಿದಾಗಿ ಕಾಣುವುದೂ ಹೀಗೆ ಹೊರಗೆ ನಿಂತು ತೆಗೆದದ್ದರಿಂದಲೇ. ಮೊದಲನೆಯವನು ಇಳಿದು ಬಂದ ಮೇಲೆ ಇಬ್ಬರೂ ಸೈಕಲ್ ತಳ್ಳಿಕೊಂಡು ಮತ್ತೆ ಮೇಲಕ್ಕೆ ಹತ್ತುತ್ತಾರೆ. ಈ ಸಲ ಎದೆಯ ಪಟ್ಟಿ ಎರಡನೆಯವನಿಗೆ, ಫೋನು ಮೊದಲನೆಯವನ ಕೈಗೆ.